ನೇವಿ ಗವಿಸಿದ್ದಯ್ಯನ ಮಡಚುವ ಫ್ಯಾನು

ಮಾಗಡಿಯಿಂದ ಯಾವ ದಿಕ್ಕಿಗೆ ಹೊರಟರೂ ಸಮುದ್ರ ಸಿಗಬೇಕಾದರೆ ಮುನ್ನೂರು ಕಿಲೋಮೀಟರಾದರೂ ರಸ್ತೆ ಸವೆಸಬೇಕು. ಹಾಗಿದ್ದೂ ಊರಿನ ಸೋಲೂರು ರಸ್ತೆಯಲ್ಲಿ ಒಂದು ಲಂಗರು ಉಂಟು. ಅದಿರುವುದು ‘ನೇವಿ ಪಂಪ್‌ಸೆಟ್ ವರ್ಕ್ಸ್’ ಎಂಬ ಅಂಗಡಿಯ ಬೋರ್ಡಿನ ಮೇಲೆ. ಬೋರ್ಡು ಬರೆದ ಪೇಂಟರು ಜನ್ಮದಲ್ಲಿ ಲಂಗರು ಕಂಡವನಲ್ಲ. ಬಾವಿಗೆ ಬಿದ್ದ ಬಿಂದಿಗೆ ಎತ್ತುವ ಪಾತಾಳಗರಡಿ ಕಂಡಿದ್ದ. ಅದನ್ನೇ ನೀಲಿ ಬಣ್ಣದಲ್ಲಿ ಬರೆದುಬಿಟ್ಟ. ಅಂದಿನಿಂದ ವರ್ಷಕ್ಕೆ ನಾಲ್ಕೈದು ಜನವಾದರೂ ಅಂಗಡಿ ಹುಡುಕಿಕೊಂಡು ಬಂದು, “ಅಣ್ಣಾ, ಬಿಂದ್ಗೆ ಬಾವಿಗ್ ಬಿದ್ಬುಡ್ತು, ಒಸಿ ಪಾತಾಳಗರಡಿ ಕೊಡ್ತೀರಾ?” ಎಂದು ಕೇಳುತ್ತಾರೆ.

“ಅದು ಲಂಗರು ಕಣ್ರಯ್ಯ. ಹಡಗು ನಿಲ್ಸೋದು,” ಎನ್ನುತ್ತಾನೆ ಗವಿಸಿದ್ದಯ್ಯ, ಹಲ್ಲು ಕಚ್ಚಿ.

“ಆಗ್ಲಣ್ಣ, ಬಿಂದ್ಗೆ ಎತ್ಕಂಡು ಸಾಯಂಕಾಲುಕ್ಕೇ ವಾಪಸ್ ತಂದ್ಕೊಡ್ತೀವಿ.”

ಈ ಕಾಟ ತಾಳಲಾರದೆ ಅವನ ಹೆಂಡತಿ ದ್ರಾಕ್ಷಾಯಿಣಿ ಸಂತೆಯಿಂದ ನಿಜವಾದ ಪಾತಾಳಗರಡಿಯನ್ನೇ ತಂದು ಬಾಗಿಲ ಹಿಂದೆ ನೇತುಹಾಕಿದಳು. ಈಗ ಬೋರ್ಡು ಸುಳ್ಳು ಹೇಳುವುದಿಲ್ಲ.

ಗವಿಸಿದ್ದಯ್ಯ ಸೋಲೂರಿನವನು. ಹತ್ತೊಂಬತ್ತಕ್ಕೆ ನೇವಿ ಸೇರಿ, ಹದಿನೈದು ವರ್ಷ ಸೇವೆ ಮಾಡಿ, ಮಾಗಡಿಯಲ್ಲಿ ಪಂಪ್‌ಸೆಟ್ ರಿಪೇರಿಗೆ ಕೂತವನು. ಈಗ ಐವತ್ತೆಂಟು. ಹಣೆಯಲ್ಲಿ ವಿಭೂತಿ, ಉಗುರಿನಲ್ಲಿ ಗ್ರೀಸು. ನೆಲ ಯಾವ ಗಳಿಗೆಯಲ್ಲಾದರೂ ವಾಲಬಹುದು ಎಂಬಂತೆ ಕಾಲಗಲಿಸಿ ನಡೆಯುತ್ತಾನೆ. ಅಂಗಡಿಯ ಮುಂದಿನ ಸಿಮೆಂಟು ಜಗಲಿಗೆ ಅವನು ‘ಡೆಕ್’ ಎನ್ನುತ್ತಾನೆ. ಬೋರ್‌ವೆಲ್ ಮೋಟರು ಸುಟ್ಟುಕೊಂಡು ಬಂದ ರೈತರಿಗೆ, ಕಾಯಿಲ್ ಸುತ್ತುವಷ್ಟು ಹೊತ್ತು ಬಂಗಾಳಕೊಲ್ಲಿಯ ಅಲೆಗಳ ಎತ್ತರ ಕೇಳುವ ಭಾಗ್ಯ ಉಚಿತ. ಅಲೆ ಮೊದಲ ವರ್ಷ ಎರಡಾಳೆತ್ತರ ಇತ್ತು. ಈಚೆಗೆ ತೆಂಗಿನಮರ ದಾಟಿದೆ.

ಊರಿನಲ್ಲಿ ನಿಜ ಸಂಗತಿ ಗೊತ್ತಿದ್ದುದು ದ್ರಾಕ್ಷಾಯಿಣಿಗೆ ಮಾತ್ರ. ಗವಿಸಿದ್ದಯ್ಯ ಸಮುದ್ರದ ಮೇಲೆ ಇದ್ದದ್ದು ಒಟ್ಟು ಮೂರು ದಿನ. ಮೊದಲ ಸಲ ಹತ್ತಿದ ಹಡಗು ವಿಶಾಖಪಟ್ಟಣದ ಬಂದರಿನ ಬಾಯಿ ದಾಟಿತೋ ಇಲ್ಲವೋ, ಅವನ ಹೊಟ್ಟೆ ಮೇಲಕ್ಕೆ ಬಂತು. ಮೂರು ಹಗಲು ಮೂರು ರಾತ್ರಿ ಇಂಜಿನ್ ರೂಮಿನ ಮೂಲೆಯಲ್ಲಿ ಮುದುಡಿಕೊಂಡು ವಾಂತಿ ಮಾಡಿದ. ಸುತ್ತ ಯಾರು ಏನು ಮಾಡುತ್ತಿದ್ದರೆಂದು ತಲೆಯೆತ್ತಿ ನೋಡಲಿಲ್ಲ. ಸಮುದ್ರ ತನ್ನೊಬ್ಬನನ್ನೇ ಆರಿಸಿ ಉಗುಳಿತು ಎಂದುಕೊಂಡ. ನಾಲ್ಕನೆಯ ದಿನ ದಡ ಮುಟ್ಟಿದ ಕೂಡಲೇ ತಾನೇ ಅರ್ಜಿ ಬರೆದುಕೊಟ್ಟ: ದಡದ ವರ್ಕ್‌ಶಾಪಿನಲ್ಲಿ ಕೆಲಸ ಕೊಡಿ. ಕೊಟ್ಟರು.

ಆಮೇಲಿನ ಹದಿನೈದು ವರ್ಷ ಅವನು ಮಾಡಿದ್ದು ಪ್ರೊಪೆಲ್ಲರಿನ ಕೆಲಸ. ಹಡಗಿನ ಹಿಂಬದಿಗೆ ನೀರೊಳಗೆ ತಿರುಗುವ, ಹಡಗನ್ನು ಮುಂದಕ್ಕೆ ತಳ್ಳುವ ಆ ಕಂಚಿನ ರೆಕ್ಕೆಗಳನ್ನು ಬಿಚ್ಚುವುದು, ತೀಡುವುದು, ತೂಕ ಸಮ ಮಾಡುವುದು, ಮತ್ತೆ ಹಾಕುವುದು. ಕೆಲಸ ಮುಗಿದಾಗ ಒಮ್ಮೆ ರೆಕ್ಕೆಯ ಮೇಲೆ ಅಂಗೈ ಇಡುತ್ತಿದ್ದ. ಅವನ ಕೈ ತೀಡಿದ ರೆಕ್ಕೆಗಳು ಅಂಡಮಾನ್ ನೋಡಿದವು, ಮಾರಿಷಸ್ ನೋಡಿದವು. ಅವನು ನೋಡಿದ್ದು ಹಡಗುಗಳ ಬೆನ್ನು.

ಅಂಥ ಒಂದು ಬೆಳಗ್ಗೆ ಜೆಟ್ಟಿಯಿಂದ ಒಂದು ಹಾಯಿದೋಣಿ ಹೊರಟಿತು. ಕಲಿಯುವ ಅಧಿಕಾರಿಗಳಿಗೆಂದು ಇಟ್ಟಿದ್ದ ಸಣ್ಣ ದೋಣಿ. ಸ್ವಲ್ಪ ದೂರ ಇಂಜಿನ್ನಿನಲ್ಲಿ ಟಕಟಕ ಹೋಗಿ, ಬಿಳಿ ಹಾಯಿ ಏರಿಸಿ, ಇಂಜಿನ್ ನಿಲ್ಲಿಸಿದರು. ಸದ್ದು ನಿಂತಿತು. ದೋಣಿ ನಿಲ್ಲಲಿಲ್ಲ. ಬೇರೆ ಹಡಗುಗಳೆಲ್ಲ ಸದ್ದು ಹೊತ್ತುಕೊಂಡು ಹೋಗುತ್ತಿದ್ದವು. ಇದು ಸದ್ದನ್ನು ದಡದಲ್ಲಿ ಕಳಚಿಟ್ಟು ಹೋಯಿತು. ಅದು ಒಂದು ಅವರೆಕಾಳಿನಷ್ಟಾಗುವವರೆಗೆ ಗವಿಸಿದ್ದಯ್ಯ ತೀಡುವ ಅರವನ್ನು ಕೈಯಲ್ಲೇ ಹಿಡಿದು ನಿಂತಿದ್ದ.

ಅವತ್ತಿನಿಂದ ಒಂದೇ ಆಸೆ. ಒಂದು ಸಲ, ಒಂದೇ ಒಂದು ಸಲ, ಸದ್ದು ನಿಂತ ಮೇಲೂ ಮುಂದಕ್ಕೆ ಹೋಗುತ್ತಿರುವ ದೋಣಿಯಲ್ಲಿ ಕೂರಬೇಕು. ಪಂಪ್‌ಸೆಟ್ಟಿನ ಲೋಕದಲ್ಲಿ ಇಂಥದ್ದು ಇಲ್ಲ. ಅಲ್ಲಿ ಸದ್ದು ನಿಂತರೆ ನೀರೂ ನಿಂತಿತು ಎಂದೇ ಅರ್ಥ.

ಎರಡು ವರ್ಷದ ಹಿಂದೆ ಕಾರವಾರದಿಂದ ಸುರೇಂದ್ರ ತಾಂಡೇಲನ ಫೋನು ಬಂತು. ವಿಶಾಖಪಟ್ಟಣದಲ್ಲಿ ಗವಿಸಿದ್ದಯ್ಯನ ಜೊತೆ ಕನ್ನಡ ಮಾತಾಡುತ್ತಿದ್ದವನು ಅವನೊಬ್ಬನೇ. ಆದರೆ ಅವನು ಹಡಗಿನ ಮೇಲೆ ಹೋಗುವವನು, ಇವನು ಕಳಿಸಿಕೊಡುವವನು.

“ಗವಿ, ದೋಣಿ ತಗೊಂಡೆ ಮಾರಾಯ. ಇಪ್ಪತ್ತಾರು ಅಡಿ. ಹಾಯಿದು, ಹಳೇದು, ಗಟ್ಟಿ ಇದೆ. ಒಂದೇ ತಾಪತ್ರಯ. ಮೇಲಿಂದ ಗಾಳಿ ಮುಂದಕ್ಕೆ ಎಳೀತದೆ, ಕೆಳಗಿಂದ ಫ್ಯಾನು ಹಿಂದಕ್ಕೆ ಎಳೀತದೆ. ಮೂರು ರೆಕ್ಕೆದು ಅದು. ಇಂಜಿನ್ ಬಂದ್ ಮಾಡಿದ್ರೂ ನೀರಿನ ರಭಸಕ್ಕೆ ತಾನೇ ತಿರುಗ್ತಾ ಗುಂಯ್ ಅಂತದೆ, ಕಾಲಡಿಗೆ ಜೇನುಗೂಡು ಇಟ್ಟ ಹಾಗೆ. ನೀನೇ ಒಂದು ಬೇರೆ ಆರಿಸಿಕೊಡು. ಅದನ್ನ ನಿನ್ನ ಹಾಗೆ ತಿಳಿದವರು ಯಾರಿದ್ದಾರೆ? ಹಾಕಿದ ದಿನ ಮೊದಲ ಸವಾರಿ ನಿಂದು.”

“ಫ್ಯಾನು ಅಲ್ಲ, ಪ್ರೊಪೆಲ್ಲರ್,” ಎಂದ ಗವಿಸಿದ್ದಯ್ಯ.

ಅವತ್ತೇ ಆರಿಸಲು ಕೂತ. ದಪ್ಪ ನೋಟ್‌ಬುಕ್ಕು ತಂದ, ಪರದೇಶದ ಕ್ಯಾಟಲಾಗುಗಳನ್ನು ಮೊಬೈಲಿಗೆ ಇಳಿಸಿದ, ರೆಕ್ಕೆಯ ಚಿತ್ರ ಬರೆದ, ಅಳಿಸಿದ. ಒಂದು ವರ್ಷ ಹೋಯಿತು. ಇನ್ನೊಂದು ವರ್ಷ ಹೋಯಿತು.

ಅಂಗಡಿಯಲ್ಲಿ ದಿನಾ ಬೆಂಚು ಬಿಸಿ ಮಾಡುವವನು ಪಕ್ಕದ ಹಳ್ಳಿ ಕಲ್ಯದ ಚೆಲುವಯ್ಯ. ನಲವತ್ತೈದರ ರೈತ. ಅವನ ಬೋರ್‌ವೆಲ್ ಮೋಟರು ಮೂರು ತಿಂಗಳಿಗೊಮ್ಮೆ ಸುಡುತ್ತದೆ. ಉಳಿದ ದಿನ ಅವನೇ ಬಂದು ಕೂರುತ್ತಾನೆ.

“ಅದೇನಣ್ಣ, ಒಂದ್ ಫ್ಯಾನ್ ಆರ್ಸಾಕೆ ಎರಡ್ ವರ್ಸ?” ಎಂದ ಒಂದು ದಿನ. “ಅಷ್ಟ್ರಾಗೆ ನಮ್ ಹುಡ್ಗ ದೀಪುಗೆ ಹೆಣ್ ನೋಡಿ, ಮದ್ವೆ ಮಾಡಿ, ಮಗಾನೂ ಆಯ್ತು.”

“ಫ್ಯಾನ್ ಅಲ್ಲ ಕಣ್ಲಾ, ಪ್ರೊಪೆಲ್ಲರ್. ನಿಂಗ್ ಅರ್ಥ ಆಗಂಗ್ ಹೇಳ್ತೀನಿ ಕೇಳು. ಸೋಲೂರ್ ಬಸ್ಸು ಅಂದ್ಕೋ. ಕಾಲಿಡಾಕ್ ಜಾಗ ಇಲ್ಲ. ಮದ್ಯದಾಗೆ ಒಬ್ಬ ತೆಂಗಿನ್‌ಕಾಯ್ ಮೂಟೆ ಅಪ್ಕಂಡು ಅಗಲುಕ್ಕೆ ನಿಂತವ್ನೆ. ಅವ್ನೇ ಈಗಿರೋ ಮೂರ್ ರೆಕ್ಕೆದು. ಕಂಡಕ್ಟ್ರು ದಾಟಂಗೇ ಇಲ್ಲ.”

“ಕಂಡಕ್ಟ್ರು ಯಾರು?”

“ನೀರು ಕಣ್ಲಾ! ಎರಡ್ನೇವ್ನು ಮೂಟೆ ಇಲ್ದೆ ಕಂಬುದ್ ಮರೇಲಿ ನೆಟ್ಟುಗ್ ನಿಂತವ್ನೆ. ಅದು ಎರಡ್ ರೆಕ್ಕೆದು. ದೋಣಿ ಅಡಿ ಹಲಗೆ ಹಿಂದೆ ಮರೆಯಾಗಿ ನಿಂತ್ಕತದೆ, ಆದ್ರೂ ಭುಜ ಒಸಿ ಆಚಿಗ್ ಬತ್ತದೆ. ಮೂರ್ನೇವ್ನು ಕಂಡಕ್ಟ್ರು ಬಂದಾಗೆಲ್ಲ ಮೈ ಓರೆ ಮಾಡ್ತಾನೆ. ರೆಕ್ಕೆ ತಿರುಗಿ ಅಂಚು ನೀರಿಗೆ ಕೊಡ್ತದೆ. ಒಳ್ಳೇವ್ನೇ, ಆದ್ರೆ ಹೊಟ್ಟೆ ತುಂಬಾ ಗೇರು, ಕೆಟ್ರೆ ಬಿಚ್ಚೋರಿಲ್ಲ. ನಾಕ್ನೇವ್ನು ಕಂಡಕ್ಟ್ರುನ್ ಕಂಡ್ರೆ ಕೈಕಾಲ್ ಮಡಚಿ ಕುಕ್ಕುರುಗಾಲಲ್ ಕೂತ್ಬುಡ್ತಾನೆ. ಇಂಜಿನ್ ಓಡಿದ್ರೆ ರೆಕ್ಕೆ ಬಿಚ್ಚುತ್ತೆ, ನಿಂತ್ರೆ ನೀರೇ ಅದುನ್ನ ಮಡಚ್ಬುಡ್ತದೆ.”

“ಹಂಗಾರೆ ನಾಕ್ನೇವ್ನೇ ವಾಸಿ, ಮುಗೀತು.”

“ರಿವರ್ಸ್ ಹೋಗ್ಬೇಕಾದ್ರೆ ಅವ್ನು ಸರ್ಯಾಗ್ ಎದ್ ನಿಲ್ಲಲ್ಲ ಕಣ್ಲಾ!”

ಚೆಲುವಯ್ಯ ಯೋಚಿಸಿದ. “ಅಷ್ಟು ದೊಡ್ ಸಮುದ್ರದಾಗೆ ರಿವರ್ಸ್ ಯಾಕಣ್ಣ ಹೋಯ್ತಾರೆ?”

ಗವಿಸಿದ್ದಯ್ಯನಿಗೆ ಸಿಟ್ಟು ಬಂತು. ನೋಟ್‌ಬುಕ್ಕು ಪಟ್ಟನೆ ಮುಚ್ಚಿದ.

ಊಟಕ್ಕೆ ಕೂತಾಗ ದ್ರಾಕ್ಷಾಯಿಣಿ ಸಾರು ಬಡಿಸುತ್ತಾ, “ಕೂಸು ಹುಟ್ಟೋಕ್ ಮುಂಚೆ ಕುಲಾವಿ ಹೊಲಿಸ್ದಂಗೆ ಅಂತಾರೆ. ನೀವು ಕೂಸು ಹುಟ್ಟಿ ಅಂಬೆಗಾಲ್ ಇಡ್ತಾ ಇದ್ರೂ ಕುಲಾವಿ ಬಟ್ಟೇನೇ ಆರಿಸ್ತಾ ಕೂತಿದೀರಿ,” ಎಂದಳು.

“ಅವಸರ ಮಾಡೋ ಕೆಲ್ಸ ಅಲ್ಲ ಕಣೇ ಇದು.”

“ಅವಸರ ಅಲ್ಲ. ಆರ್ಸೋದ್ ಮುಗುದ್ರೆ ದೋಣಿ ಹತ್ಬೇಕಾಯ್ತದೆ. ಅದುಕ್ಕೇ ಮುಗುಸ್ತಿಲ್ಲ ನೀವು.”

ಮುದ್ದೆ ಅವನ ಕೈಯಲ್ಲೇ ಉಳಿಯಿತು. ಮೂವತ್ತು ವರ್ಷ ಜೊತೆಗಿದ್ದವರ ಜೊತೆ ವಾದ ಮಾಡಬಾರದು. ಅವರ ಬಳಿ ಸಾಕ್ಷಿ ಬಹಳ ಇರುತ್ತದೆ. ಅವನು ಕೈ ತೊಳೆದು ಸ್ಕೂಟರು ಹತ್ತಿ ನೇರ ಸಾವನದುರ್ಗಕ್ಕೆ ಹೋದ. ಮಂಡಿನೋವಿಗೆ ಶಿವಶಿವ ಎನ್ನುತ್ತಾ ಬಂಡೆ ಹತ್ತಿದ. ಆ ನೆತ್ತಿಯ ಮೇಲೆ ಗಾಳಿ ಮಾತ್ರ ಪೂರ್ತಿ ಸಮುದ್ರದ್ದು: ಅಂಗಿ ಉಬ್ಬಿಸುತ್ತದೆ, ಮಾತು ಕಿತ್ತುಕೊಂಡು ಹೋಗುತ್ತದೆ. ಕೆಳಗೆ ದೂರದಲ್ಲಿ ಮಂಚನಬೆಲೆಯ ನೀರು ತಗಡಿನ ಚೂರಿನಂತೆ ಹೊಳೆಯುತ್ತಿತ್ತು. ಗವಿಸಿದ್ದಯ್ಯ ಅಂಗಿಯ ಎರಡು ಗುಂಡಿ ಬಿಚ್ಚಿ, ಗಾಳಿಗೆ ಎದೆಕೊಟ್ಟು, ಕಣ್ಣು ಮುಚ್ಚಿ ನಿಂತ. ಬಂಡೆ ವಾಲಲಿಲ್ಲ. ಹೊಟ್ಟೆ ಮೇಲಕ್ಕೆ ಬರಲಿಲ್ಲ. ಸಮುದ್ರವೂ ಹೀಗೆ ಒಂದು ಕಡೆ ನೆಟ್ಟಗೆ ನಿಂತಿದ್ದರೆ ಎಷ್ಟು ಚೆನ್ನಾಗಿತ್ತು ಎನ್ನಿಸಿತು. ಪ್ರವಾಸಕ್ಕೆ ಬಂದಿದ್ದವರು ಯಾರೋ, “ಅಂಕಲ್, ಒಸಿ ಪಕ್ಕಕ್ ಬನ್ನಿ, ಫೋಟೋಗೆ ಅಡ್ಡ ಬತ್ತೀರಾ,” ಎಂದರು. ಅವನು ಮೈ ಓರೆ ಮಾಡಿ ದಾರಿ ಬಿಟ್ಟ. ಬಸ್ಸಿನ ಮೂರನೆಯವನ ನೆನಪಾಯಿತು. ನಗು ಬಂತು. ಇಳಿಯುವಾಗ ತೀರ್ಮಾನ ಮಾಡಿದ್ದ: ನಾಲ್ಕನೆಯವನೇ, ಮಡಚುವುದೇ.

ಪರದೇಶದ್ದನ್ನು ತರಿಸುವ ಬದಲು ತಾನೇ ಮಾಡುವುದೆಂದು ಹಟ ತೊಟ್ಟ. ಕಂಚು ಹೊಯ್ಯುವುದಕ್ಕೆ ಮುಂಚೆ ಮರದ ಅಚ್ಚು ಬೇಕು. ಅದಕ್ಕೆ ಚನ್ನಪಟ್ಟಣದ ತನ್ವೀರ್ ಇದ್ದ. ಆಲೆ ಮರದ ಗೊಂಬೆ ಕಡೆಯುವವನು. ಅವನ ಲೇತಿನ ಮೋಟರಿಗೆ ಕಾಯಿಲ್ ಸುತ್ತಿಕೊಟ್ಟವನು ಗವಿಸಿದ್ದಯ್ಯ. ಚಿತ್ರ ನೋಡಿ ತನ್ವೀರ್ ಹೆಚ್ಚು ಕೇಳಲಿಲ್ಲ. ಮೊದಲು ಅರ್ಧ ಅಳತೆಯದೊಂದು ಮಾಡಿ ನೋಡೋಣ ಎಂದ. ಹತ್ತು ದಿನ ಬಿಟ್ಟು ಹೋದರೆ ಎರಡು ರೆಕ್ಕೆ, ನಡುವೆ ಒಂದು ಗುಬಟು, ಎಲ್ಲ ತಯಾರು. ಒಂದು ರೆಕ್ಕೆ ಕೆಂಪು, ಇನ್ನೊಂದು ಹಳದಿ. ಅರಗಿನ ಬಣ್ಣ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

“ಬಣ್ಣ ಯಾರ್ ಹಾಕು ಅಂದ್ರು ಸಾಬ್ರೇ?”

“ಬಣ್ಣ ಇಲ್ದೆ ನಮ್ ಲೇತಿಂದ ಒಂದ್ ಕಡ್ಡೀನೂ ಆಚೆ ಹೋಗಲ್ಲಣ್ಣ. ಮರ ಬೆತ್ತಲೆ ಕಳಿಸ್ದಂಗೆ ಆಯ್ತದೆ.”

“ಸರಿ, ಅಂಚು ಯಾಕ್ ಇಷ್ಟು ಉರುಟು? ತೆಳ್ಳಗೆ ಬ್ಲೇಡ್ ಇದ್ದಂಗಿರ್ಬೇಕು ಅಂದಿದ್ನಲ್ಲ?”

“ಮಕ್ಳು ಬಾಯಿಗ್ ಇಟ್ಕೋತಾವೆ.”

“ಇದುನ್ನ ಯಾವ್ ಮಗೂರೀ ಬಾಯ್ಗೆ ಇಟ್ಕಳೋದು? ಇದು ಸಮುದ್ರಕ್ ಹೋಗೋದು!”

“ಮೂವತ್ತೈದು ವರ್ಷದಿಂದ ಕೈ ಹಿಂಗೇ ಓಡ್ತದಣ್ಣ. ಚೂಪು ಕಂಡ್ರೆ ಕೈ ತಾನೇ ಸವರ್ಬುಡ್ತದೆ. ನಾ ಏನ್ ಮಾಡ್ಲಿ?” ಎಂದ ತನ್ವೀರ್. ಆಮೇಲೆ ರೆಕ್ಕೆಯನ್ನು ಎತ್ತಿ ಹಿಡಿದು ಮಡಚಿದ. ಮೇಲಿನ ರೆಕ್ಕೆ ಮುಚ್ಚಿಕೊಂಡಿತು. ಕೆಳಗಿನದು ಮೊಣಕೈ ಮುರಿದವರಂತೆ ಜೋತಾಡಿತು. “ಇದು ನೋಡಿ. ಕಂಚಲ್ ಮಾಡಿದ್ರೆ ಇನ್ನೂ ಭಾರ. ನೀರಲ್ಲೂ ಹಿಂಗೇ ಒಂದು ಜೋತ್ ಬಿದ್ರೆ?”

ಗವಿಸಿದ್ದಯ್ಯ ನೋಡಿದ. ಎರಡು ವರ್ಷದ ನೋಟ್‌ಬುಕ್ಕಿನಲ್ಲಿ ಇದಕ್ಕೆ ಒಂದು ಪುಟವೂ ಇರಲಿಲ್ಲ.

ತನ್ವೀರ್ ಎದ್ದು ಹೋಗಿ ಒಂದು ಆಟದ ಸಾಮಾನು ತಂದ. ಎರಡು ಹಲ್ಲಿನ ಚಕ್ರ, ಒಂದನ್ನು ತಿರುಗಿಸಿದರೆ ಇನ್ನೊಂದು ತಿರುಗುವಂಥದ್ದು. “ಎರಡು ರೆಕ್ಕೆ ಬುಡಕ್ಕೂ ಹಲ್ಲು ಕೊಟ್ಬುಡ್ತೀನಿ. ಒಂದಕ್ಕೊಂದು ಕಚ್ಕೊಂಡಿರ್ಲಿ. ಒಬ್ರು ಮಡಚಿದ್ರೆ ಇನ್ನೊಬ್ರು ಮಡಚ್ಲೇಬೇಕು. ಸಂಸಾರ ಇದ್ದಂಗೆ.”

“ಹೂಂ. ನಾನೂ ಅದುನ್ನೇ ಯೋಚಿಸ್ತಿದ್ದೆ,” ಎಂದ ಗವಿಸಿದ್ದಯ್ಯ. ತನ್ವೀರ್ ದೊಡ್ಡ ಮನುಷ್ಯ, ನಗಲಿಲ್ಲ.

ಇನ್ನು ಪರೀಕ್ಷೆ. ಕಂಚಿಗೆ ಹೋಗುವ ಮುಂಚೆ, ಹಲ್ಲು ಕೂರಿಸಿದ ಆ ಮರದ ಮಾದರಿ ನೀರಿನಲ್ಲಿ ನಿಜಕ್ಕೂ ಬಿಚ್ಚಿ ಮಡಚುತ್ತದೆಯೇ ನೋಡಬೇಕು. ಕಲ್ಯದ ಕೆರೆಯಲ್ಲಿ ನೀರಿತ್ತು. ದೋಣಿ ಇರಲಿಲ್ಲ, ಮೀನು ಹಿಡಿಯುವವರ ತೆಪ್ಪ ಇತ್ತು, ಬಿದಿರು ಹೆಣೆದ ದೊಡ್ಡ ಬುಟ್ಟಿಯಂಥದ್ದು. ಚೆಲುವಯ್ಯನ ಕಳೆ ಕತ್ತರಿಸುವ ಮೆಷಿನ್ನಿನ ಇಂಜಿನ್ನು, ಅದರ ಉದ್ದ ಕೋಲಿನ ತುದಿಗೆ ಬ್ಲೇಡಿನ ಬದಲು ಕೆಂಪು ಹಳದಿ ರೆಕ್ಕೆ. ಗವಿಸಿದ್ದಯ್ಯ ಬೀರುವಿನಿಂದ ನೇವಿಯ ಬಿಳಿ ಟೋಪಿ ತೆಗೆದು ಹಾಕಿಕೊಂಡ. ಹಿಂದಿನ ದಿನವೇ ಅಂಗಡಿಗೆ ಬಂದವರಿಗೆಲ್ಲ, “ನಾಳೆ ಒಂದು ಟ್ರಯಲ್ ಐತೆ, ನೋಡಂಗಿದ್ರೆ ಬನ್ನಿ,” ಎಂದಿದ್ದ. ನೋಡಂಗಿತ್ತು, ಏರಿಯ ಮೇಲೆ ಐವತ್ತು ಜನ ಸೇರಿದರು.

“ಅಣ್ಣ, ಒಂದ್ ಮಾತು,” ಎಂದ ಚೆಲುವಯ್ಯ, ತೆಪ್ಪಕ್ಕೆ ಇಂಜಿನ್ ಕಟ್ಟುತ್ತಾ. “ತೆಪ್ಪಕ್ಕೆ ಮುಂದು ಹಿಂದು ಅಂತ ಇಲ್ಲ. ಹುಟ್ಟು ಹಾಕೋನ್ ಮೊಕ ಎತ್ಲಾಗೋ ಅತ್ಲಾಗೇ ಮುಂದು. ಪಕ್ಕಕ್ಕೆ ಇಂಜಿನ್ ಕಟ್ಟಿದ್ರೆ…”

“ಹದಿನೈದು ವರ್ಸ ನೇವೀಲಿದ್ದೋನ್ಗೆ ನೀನ್ ಹೇಳ್ಕೊಡ್ತೀಯೇನ್ಲಾ?”

ಪ್ರೊಪೆಲ್ಲರಿನ ಬಗ್ಗೆ ಎಲ್ಲ ಗೊತ್ತಿದ್ದ ಆ ಮನುಷ್ಯನಿಗೆ ದೋಣಿಯ ಬಗ್ಗೆ ಏನೂ ಗೊತ್ತಿರಲಿಲ್ಲ. ಇಬ್ಬರೂ ಕೆರೆಯ ನಡುವೆ ಹೋಗಿ ಇಂಜಿನ್ನಿನ ಹಗ್ಗ ಎಳೆದ ಕೂಡಲೇ ರೆಕ್ಕೆ ಬಿಚ್ಚಿತು, ನೀರು ನೊರೆಯಾಯಿತು, ತೆಪ್ಪ ಹೊರಟಿತು. ಆದರೆ ಹೊರಟದ್ದು ಮುಂದಕ್ಕಲ್ಲ. ನಿಂತಲ್ಲೇ ಒಂದು ಸುತ್ತು. ಎರಡು ಸುತ್ತು. ಆಮೇಲೆ ಎಣಿಸುವವರಿರಲಿಲ್ಲ. ಏರಿ, ಜನ, ಹುಣಸೆಮರ, ಮತ್ತೆ ಏರಿ, ಮತ್ತೆ ಹುಣಸೆಮರ. ಏರಿಯ ಮೇಲಿಂದ ಚೆಲುವಯ್ಯನ ತಾಯಿ ಮುನಿಯಮ್ಮನ ದನಿ ಕೇಳಿಸಿತು:

“ಲೇ ಚೆಲುವಾ! ಅದೇನ್ಲಾ ನೀರ್ನಾಗೆ ರಾಗಿ ಬೀಸ್ತಾ ಇದ್ದೀರಾ?”

ಮೂವತ್ತೊಂಬತ್ತು ವರ್ಷ ಹಿಂದೆ ಬಂದರಿನ ಬಾಯಲ್ಲಿ ಏನಾಗಿತ್ತೋ ಅದೇ ಈಗ ಕಲ್ಯದ ಕೆರೆಯಲ್ಲಿ ಆಯಿತು. ಗವಿಸಿದ್ದಯ್ಯನ ಟೋಪಿ ಮೊದಲು ಹೋಯಿತು. ಅದರ ಹಿಂದೆಯೇ ಬೆಳಗಿನ ಉಪ್ಪಿಟ್ಟು. ತೆಪ್ಪದ ಅಂಚು ಎರಡೂ ಕೈಯಲ್ಲಿ ಹಿಡಿದು, ತಲೆ ನೀರಿನತ್ತ ಬಾಗಿಸಿ, ಕರುಳಿನಿಂದಲೇ ಹುಟ್ಟಿಬಂದಂಥ ದನಿಯಲ್ಲಿ ಅವನು ವಾಂತಿ ಮಾಡಿದ. ಆಳ ನೋಡಿದರೆ ಅಲ್ಲಿ ಎದೆಮಟ್ಟದ ನೀರು.

ಚೆಲುವಯ್ಯ ಹೇಗೋ ಕೈಚಾಚಿ ಇಂಜಿನ್ ನಿಲ್ಲಿಸಿದ. ಸದ್ದು ನಿಂತಿತು. ತೆಪ್ಪ ತನ್ನ ಪಾಡಿಗೆ ಇನ್ನೂ ತಿರುಗುತ್ತಿತ್ತು. ಆಗ ತಲೆ ಕೆಳಗೆ ಹಾಕಿದ್ದ ಗವಿಸಿದ್ದಯ್ಯನಿಗೆ, ಅವನೊಬ್ಬನಿಗೇ, ಹಸಿರು ನೀರಿನೊಳಗೆ ಅದು ಕಾಣಿಸಿತು. ಕೆಂಪು ರೆಕ್ಕೆಯೂ ಹಳದಿ ರೆಕ್ಕೆಯೂ ಒಂದನ್ನೊಂದು ನೋಡಿಕೊಂಡು, ಒಂದೇ ಸಮನೆ, ಕೈಮುಗಿದಂತೆ ಮುಚ್ಚಿಕೊಂಡವು. ನೀರು ಅವುಗಳ ಪಕ್ಕದಲ್ಲಿ ಸದ್ದಿಲ್ಲದೆ ಜಾರಿ ಹೋಯಿತು.

“ಮಡಚ್ತು ಕಣ್ಲಾ…” ಎಂದ, ಬಾಯಿ ಒರೆಸಿಕೊಳ್ಳದೆ.

“ಏನಣ್ಣ, ಹೊಟ್ಟೇನಾ?”

“ಫ್ಯಾನು ಕಣ್ಲಾ! ಫ್ಯಾನು!”

ಅವನು ಅದನ್ನು ಫ್ಯಾನು ಎಂದದ್ದು ಅದೇ ಮೊದಲು.

ಮಾಗಡಿಯಲ್ಲಿ ಸುದ್ದಿಗೆ ಬಸ್ಸು ಬೇಕಿಲ್ಲ. ಮಾರನೆಯ ದಿನ ಹೋಟೆಲಿನವನು ಇಡ್ಲಿಯ ತಟ್ಟೆಯ ಪಕ್ಕ ಅರ್ಧ ನಿಂಬೆಹಣ್ಣು ಇಟ್ಟ. ಸೋಲೂರು ಬಸ್ಸು ಹತ್ತಿದರೆ ಯಾರೋ, “ನೇವಿಯವ್ರು ಬಂದ್ರು, ಕಿಟ್ಕಿ ಪಕ್ಕ ಜಾಗ ಬುಡ್ರಪ್ಪ, ಸಮುದ್ರ ಉಕ್ಬುಟ್ಟಾತು,” ಎಂದರು. ಬಸ್ಸಿಗೆ ಬಸ್ಸೇ ನಕ್ಕಿತು. ಗವಿಸಿದ್ದಯ್ಯ ಜಗಲಿಯನ್ನು ಡೆಕ್ ಎನ್ನುವುದು ಬಿಟ್ಟ. ಬಂಗಾಳಕೊಲ್ಲಿಯ ಅಲೆಗಳು ಒಂದೇ ವಾರದಲ್ಲಿ ಮಲಗಿಬಿಟ್ಟವು. ಟೋಪಿಯನ್ನು ಮೀನು ಹಿಡಿಯುವವರು ತಂದುಕೊಟ್ಟರು. ದ್ರಾಕ್ಷಾಯಿಣಿ ಒಗೆದು ಒಣಗಿಸಿ ಬೀರುವಿನಲ್ಲಿಟ್ಟಳು.

ಕೆಲಸ ಮಾತ್ರ ನಿಲ್ಲಲಿಲ್ಲ. ತನ್ವೀರ್ ಪೂರ್ತಿ ಅಳತೆಯ ಅಚ್ಚು ಕಡೆದುಕೊಟ್ಟ, ಅದಕ್ಕೂ ಬಣ್ಣ ಹಾಕಿ. ಬೆಂಗಳೂರಿನ ಒಂದು ಎರಕದ ಮನೆಯಲ್ಲಿ ಕಂಚು ಹೊಯ್ಸಿಕೊಂಡು ಬಂದು, ಗವಿಸಿದ್ದಯ್ಯ ಒಂದು ತಿಂಗಳು ಅರ ಹಿಡಿದು ಕೂತ. ನೀರು ಸೀಳುವ ಕಡೆಯ ಅಂಚು ತನ್ವೀರನ ಕೈ ಸವರಿದಂತೆ ಉರುಟಾಗಿಯೇ ಇರಬೇಕೆಂದು ಲೆಕ್ಕ ಹಾಕಿದಾಗ ಗೊತ್ತಾಯಿತು. ಹಿಂದಿನ ಅಂಚು ಮಾತ್ರ ತೆಳ್ಳಗೆ ತೀಡಿದ. ಎರಡು ರೆಕ್ಕೆಯ ತೂಕ ಒಂದು ಕಾಳು ಹೆಚ್ಚುಕಡಿಮೆ ಇಲ್ಲದಂತೆ ಸಮ ಮಾಡಿದ. ಕೊನೆಗೆ ಅಂಗೈ ಇಟ್ಟ. ಕಂಚು ತಣ್ಣಗಿತ್ತು.

“ನೀವೇ ತಗೊಂಡ್ ಹೋಗ್ಬನ್ನಿ,” ಎಂದಳು ದ್ರಾಕ್ಷಾಯಿಣಿ.

“ಮೋಟ್ರು ಸುಡೋ ಕಾಲ. ಅಂಗ್ಡಿ ಬಿಟ್ಟು ಹೆಂಗ್ ಹೋಗ್ಲಿ? ಪಾರ್ಸಲ್ ಹಾಕ್ತೀನಿ.”

ಸುರೇಂದ್ರನೂ ಫೋನಿನಲ್ಲಿ ಕರೆದ, ಬೈದ. ಇವನು ಅದೇ ಮೋಟರಿನ ಕತೆ ಹೇಳಿದ. ಊರೆಲ್ಲ ನಕ್ಕಾಯಿತು, ಉಳಿದವನು ಸುರೇಂದ್ರನೊಬ್ಬ. ಅವನ ಕಣ್ಣಿನಲ್ಲಾದರೂ ತಾನು ನೇವಿಯ ಗವಿಯಾಗಿಯೇ ಉಳಿಯಬೇಕು. ಪ್ರೊಪೆಲ್ಲರನ್ನು ದ್ರಾಕ್ಷಾಯಿಣಿಯ ಹಳೆಯ ಹತ್ತಿ ಸೀರೆಯಲ್ಲಿ ಸುತ್ತಿ, ಪೆಟ್ಟಿಗೆಗೆ ಹಾಕಿ, ಹೇಗೆ ಕೂರಿಸಬೇಕೆಂದು ಹನ್ನೊಂದು ಪುಟ ಬರೆದು, ಬಸ್ಸಿನ ಮೇಲೆ ಕಳಿಸಿದ. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೆ ನಿಂತಿದ್ದ. ಕಳಿಸಿಕೊಟ್ಟು ನಿಲ್ಲುವುದು ಅವನಿಗೆ ಹೊಸದಲ್ಲ.

ಇಪ್ಪತ್ತು ದಿನ ಬಿಟ್ಟು ಒಂದು ಮಧ್ಯಾಹ್ನ ಫೋನು ಬಂತು. ಅಂಗಡಿಯಲ್ಲಿ ಚೆಲುವಯ್ಯನ ಮೋಟರು ಟೆಸ್ಟಿಂಗಿಗೆ ಓಡುತ್ತಿತ್ತು. ಆ ಕಡೆಯಿಂದಲೂ ಇಂಜಿನ್ನಿನ ಟಕಟಕ.

“ಗವಿ! ನೀರಿನ ಮೇಲಿದ್ದೇನೆ ಮಾರಾಯ. ನಿನ್ನ ಫ್ಯಾನು ಹಾಕಿ ಹೊರಟೆ. ತಡಿ, ಒಂದು ನಿಮಿಷ…” ಆಮೇಲೆ ಕೇಳಿಸಿದ ಸದ್ದು ಗವಿಸಿದ್ದಯ್ಯನಿಗೆ ಚೆನ್ನಾಗಿ ಪರಿಚಯದ್ದು. ಆದರೂ ನಂಬಲಾಗಲಿಲ್ಲ.

“ಏನಾಯ್ತೋ ಸುರೇಂದ್ರ?”

“ಎಂಥದೂ ಇಲ್ಲ, ವಾಂತಿ. ಬೆಳಿಗ್ಗೆಯಿಂದ ಎರಡನೇದು.”

“ನಿಂಗಾ?”

“ಮತ್ತೆ? ದಡದಲ್ಲಿ ನಾಲ್ಕು ತಿಂಗಳು ಕೂತು ಹೊರಟರೆ ಮೊದಲ ದಿನ ಯಾವಾಗಲೂ ಇದೇ. ನೇವಿಯಲ್ಲಿದ್ದಾಗಲೂ ಅಷ್ಟೇ. ಸೊಂಟಕ್ಕೆ ಬಕೆಟ್ ಕಟ್ಟಿಕೊಂಡೇ ಡ್ಯೂಟಿ ಮಾಡ್ತಿದ್ವಲ್ಲ. ನಮ್ಮ ಚೀಫ್ ಅಂತೂ ನನಗಿಂತ ಜೋರು. ಮೂರ್ನಾಲ್ಕು ದಿನಕ್ಕೆ ತಾನೇ ಹೋಗ್ತದೆ. ಯಾರಿಗೆ ಆಗೋದಿಲ್ಲ ಹೇಳು?”

ಗವಿಸಿದ್ದಯ್ಯ ಬೆಂಚಿನ ಮೇಲೆ ಕೂತ. ನಾಲ್ಕನೆಯ ದಿನ ತಾನೇ ಬರೆದ ಅರ್ಜಿಯ ಅಕ್ಷರ ಅಕ್ಷರವೂ ಕಣ್ಣಮುಂದೆ ಬಂತು.

“ನಂಗ್ಯಾಕೆ ಹೇಳ್ಲಿಲ್ಲ?” ಎಂದ.

“ನೀನೆಲ್ಲಿ ಕೇಳಿದೆ?” ಎಂದ ಸುರೇಂದ್ರ. “ಅದಿರಲಿ. ಹಾಯಿ ಏರಿಸಿಯಾಯ್ತು. ಈಗ ಇಂಜಿನ್ ಬಂದ್ ಮಾಡ್ತೇನೆ. ಫೋನು ಹಿಂದೆ, ನೀರಿನ ಹತ್ತಿರ ಹಿಡೀತೇನೆ. ಕೇಳು.”

ಗವಿಸಿದ್ದಯ್ಯ ಕೈಯೆತ್ತಿದ. ಚೆಲುವಯ್ಯ ಓಡಿ ಹೋಗಿ ಟೆಸ್ಟಿಂಗಿನ ಮೋಟರು ಆರಿಸಿದ. ಮೋಟರು ನಿಧಾನವಾಗಿ ನಿಂತಿತು. ಬಾಗಿಲಲ್ಲಿ ದ್ರಾಕ್ಷಾಯಿಣಿ ಬಂದು ನಿಂತಳು.

ಫೋನಿನಲ್ಲಿ ಟಕಟಕ ಇತ್ತು, ನಿಂತಿತು. ಒಂದು ಸಣ್ಣ ‘ಟಕ್’ ಎಂದಿತು, ಮುತ್ತೈದೆಯರ ಬಳೆ ತಾಕಿದಷ್ಟು. ಎರಡು ರೆಕ್ಕೆ ಸೇರಿಕೊಂಡ ಸದ್ದು. ಆಮೇಲೆ ಗುಂಯ್ ಇಲ್ಲ. ಜೇನುಗೂಡಿಲ್ಲ. ಯಾರೋ ಬಹಳ ದೂರದಲ್ಲಿ ಅಕ್ಕಿ ತೊಳೆಯುತ್ತಿರುವಂತೆ ನೀರು ಹಲಗೆಯ ಪಕ್ಕ ಸರಿಯುವುದು, ಅಷ್ಟೇ.

“ಏನ್ ಕೇಳುಸ್ತಣ್ಣ?” ಚೆಲುವಯ್ಯ ಪಿಸುಗುಟ್ಟಿದ.

“ಏನೂ ಇಲ್ಲ ಕಣ್ಲಾ,” ಎಂದ ಗವಿಸಿದ್ದಯ್ಯ.

“ಕೇಳಿದ್ಯಾ ಗವಿ?”

“ಸುರೇಂದ್ರ, ಇನ್ನೊಂದ್ ಸಲ ಇಂಜಿನ್ ಹಾಕು. ಹಾಕ್ಬಿಟ್ಟು ಮತ್ತೆ ಬಂದ್ ಮಾಡು.”

“ಹೋಗೋ ಮಾರಾಯ! ಅಷ್ಟು ಬೇಕಿದ್ರೆ ಇಲ್ಲಿ ಬಂದು ಕೂತ್ಕೊಂಡು ಕೇಳು. ಬಕೆಟ್ ನೀನೇ ತಾ, ನನ್ನದು ನಾ ಕೊಡೋದಿಲ್ಲ,” ಎಂದು ಸುರೇಂದ್ರ ಬಾಗಿಲವರೆಗೂ ಕೇಳುವಂತೆ ಕೂಗಿ ನಕ್ಕ. ನಗು ಗಾಳಿಯಲ್ಲಿ ಚೂರುಚೂರಾಯಿತು.

ಚೆಲುವಯ್ಯ ಸ್ವಿಚ್ಚಿನ ಮೇಲೆ ಕೈ ಇಟ್ಟುಕೊಂಡೇ ನಿಂತಿದ್ದ. ಹಾಕು ಎಂದು ಯಾರೂ ಹೇಳಲಿಲ್ಲ. ದ್ರಾಕ್ಷಾಯಿಣಿ ಒಳಗೆ ಹೋದಳು. ಪಾತ್ರೆ ಸದ್ದಾಯಿತು. ಮತ್ತೆ ಬಾಗಿಲಿಗೆ ಬಂದಾಗ ಅವಳ ಕೈಯಲ್ಲಿ ಎರಡು ಪ್ಲಾಸ್ಟಿಕ್ ಬಕೆಟ್ ಇದ್ದವು.

“ರೀ, ಕಾರವಾರಕ್ಕೆ ಚಿಕ್ಕದು ಸಾಕಾ, ದೊಡ್ಡದೇ ಇಡ್ಲಾ?”

ಗವಿಸಿದ್ದಯ್ಯ, ಫೋನು ಕಿವಿಗೊತ್ತಿಕೊಂಡೇ, ಸುಮ್ಮನಿರು ಎಂದು ಕೈಯೆತ್ತಿದ. ಆ ಕಡೆಯಿಂದ ಲೈನು ಕಟ್ಟಾಗಿ ಆಗಲೇ ಎಷ್ಟೋ ಹೊತ್ತಾಗಿತ್ತು.